ಏಳನೇ ಜಾಗದ ಪೈಲಟ್ ಪಿಯೆದಾದ್

ಚರ್ಚಿನ ಮುಂದಿನ ನಮ್ಮ ಇಗರ್ಜಿ ಸ್ಟ್ಯಾಂಡಿನಲ್ಲಿ ಹನ್ನೊಂದು ಜನ ಪೈಲಟ್‌ಗಳಿದ್ದೇವೆ. ಹತ್ತು ಗಂಡಸರು, ಒಬ್ಬಳು ಪಿಯೆದಾದ್. ಹಳದಿ ಮಡ್‌ಗಾರ್ಡಿನ ಬೈಕಿನ ಹಿಂದೆ ಗಿರಾಕಿ ಕೂರಿಸಿಕೊಂಡು ಬಾಡಿಗೆ ಓಡಿಸುವವರನ್ನು ಗೋವೆಯಲ್ಲಿ ಪೈಲಟ್ ಎಂದೇ ಕರೆಯುವುದು. ವಿಮಾನದವರು ಬೇಕಾದರೆ ಬೇರೆ ಹೆಸರು ಹುಡುಕಿಕೊಳ್ಳಲಿ. ನಾನು ಬಸ್ತ್ಯಾಂವ್, ಮೂವತ್ತೆಂಟು ವರ್ಷದ ಅನುಭವಸ್ಥ, ಸಾಲಿನಲ್ಲಿ ಮೊದಲನೇ ಜಾಗ ನನ್ನದು. ಏಳನೇ ಜಾಗ ಪಿಯೆದಾದಳದು. ಅದು ಅವಳಿಗೆ ಸಿಕ್ಕ ಕಥೆಯನ್ನು ಊರಿನವರು ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಅದರಲ್ಲಿ ನಾನು ಮಾಡಿದ ಒಂದು ಹಲ್ಕಾ ಕೆಲಸವೂ ಇದೆ, ಆದ್ದರಿಂದ ನಾನೇ ಹೇಳುವುದು ಮೇಲು.

ಆ ಜಾಗ ಮೊದಲು ಅವಳ ಗಂಡ ಲಿಗೋರನದಾಗಿತ್ತು. ಲಿಗೋರ್ ಒಳ್ಳೆಯ ಪೈಲಟ್, ಆದರೆ ಮಾವಿನ ಹಣ್ಣು ಕಂಡರೆ ತಲೆ ನಿಲ್ಲದ ಮನುಷ್ಯ. ಐವತ್ತನೇ ವಯಸ್ಸಿನಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ ಮರ ಹತ್ತಿ, ಕೊಂಬೆ ಸಮೇತ ಕೆಳಗೆ ಬಂದ. ತೊಡೆಯ ಮೂಳೆ ಮುರಿಯಿತು. ಇನ್ನೊಂದು ವರ್ಷ ಬೈಕಿನ ಮೇಲೆ ಕಾಲು ಹಾಕುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ನಮ್ಮ ಸ್ಟ್ಯಾಂಡಿನ ನಿಯಮವೋ ಬಲು ಕಟ್ಟುನಿಟ್ಟು: ಮೂರು ತಿಂಗಳು ಖಾಲಿ ಬಿದ್ದ ಜಾಗ ಕಾಯುವವರ ಪಟ್ಟಿಯಲ್ಲಿ ಮುಂದಿರುವವನಿಗೆ ಹೋಗುತ್ತದೆ. ಮುಂದಿದ್ದವನು ರುಜಾರ್, ನನ್ನ ಹೆಂಡತಿಯ ತಮ್ಮ, ಹಡಗಿನ ಕೆಲಸ ಬಿಟ್ಟು ಬಂದು ಮನೆಯಲ್ಲಿ ಕೂತಿದ್ದವನು. ಹಳದಿ ಬಣ್ಣದ ಡಬ್ಬಿ ತಂದಿಟ್ಟುಕೋ ಎಂದು ಅವನಿಗೆ ನಾನೇ ಹೇಳಿದ್ದೆ.

ಅಷ್ಟರಲ್ಲಿ ಪಿಯೆದಾದ್ ಸ್ಟ್ಯಾಂಡಿಗೆ ಬಂದು, ಗಂಡನ ಜಾಗದಲ್ಲಿ ತಾನು ಓಡಿಸುತ್ತೇನೆ ಎಂದಳು. ಅವಳು ಹೊಲಿಗೆಯವಳು. ನಾವಿಬ್ಬರೂ ಇರುವುದು ಸ್ಟ್ಯಾಂಡಿನಿಂದ ನದಿಯಾಚೆಯ ದ್ವೀಪದಲ್ಲಿ, ಅಲ್ಲಿನ ಅರ್ಧ ಮದುವಣಗಿತ್ತಿಯರ ಗೌನು ಅವಳ ಕೈಯದೇ. ಈಗ ಎಲ್ಲರೂ ಮಡಗಾಂವಿಗೆ ಹೋಗಿ ಸಿದ್ಧ ಉಡುಪು ತರುತ್ತಾರೆ, ಹೊಲಿಗೆಯಿಂದ ಮನೆ ನಡೆಯುತ್ತಿರಲಿಲ್ಲ. ಬೈಕಿನ ಬಾಡಿಗೆಯೂ ಹೋದರೆ ಒಲೆಯೇ ಆರಿದ ಹಾಗೆ. ಓಡಿಸುವುದು ಅವಳಿಗೆ ಬರುತ್ತಿತ್ತು, ಲೈಸೆನ್ಸೂ ಇತ್ತು. ಆದರೆ ನಮ್ಮ ಇನ್ನೊಂದು ನಿಯಮ ಕೇಳುವ ಕೆಲಸ ಬರುತ್ತಿರಲಿಲ್ಲ. ತನ್ನ ಗಾಡಿಯ ಬ್ರೇಕನ್ನೂ ಕಾರ್ಬುರೇಟರನ್ನೂ ತಾನೇ ಬಿಚ್ಚಿ ಜೋಡಿಸಬಲ್ಲವನ ಹಿಂದೆ ಮಾತ್ರ ನಮ್ಮಲ್ಲಿ ಗಿರಾಕಿ ಕೂರುತ್ತಾನೆ. ಹಾಗೆ ಜೋಡಿಸಿದ ಗಾಡಿಯಲ್ಲಿ ಮೊದಲನೇ ಜಾಗದವನನ್ನು ಹಿಂದೆ ಕೂರಿಸಿಕೊಂಡು ಇಗರ್ಜಿಯ ಇಳಿಜಾರು ಇಳಿದು, ಫೆರಿ ಧಕ್ಕೆಯ ಬಿಳಿ ಗೆರೆಯ ಮೇಲೆ ನಿಲ್ಲಿಸಬೇಕು. ಗೆರೆ ದಾಟಿದರೆ ಮುಂದೆ ನದಿ.

ನಾನು ಅವಳ ಮುಖ ನೋಡಿ ನಕ್ಕೆ. ಬಾಬಿನ್‌ಗೆ ದಾರ ಸುತ್ತಿದಷ್ಟು ಸುಲಭ ಅಲ್ಲ ಬಾಯ್ ಇದು, ಎಂದೆ. ನಮ್ಮಲ್ಲಿ ಹೆಂಗಸರಿಗೆ ಬಾಯ್, ಗಂಡಸರಿಗೆ ಬಾಬ್ ಎನ್ನುವುದು ಮರ್ಯಾದೆ. ಅವಳು ಜಗಳಕ್ಕೆ ಬರಲಿಲ್ಲ. ಮೂರು ತಿಂಗಳು ಮುಗಿಯುವುದು ಯಾವತ್ತು ಎಂದಷ್ಟೇ ಕೇಳಿ ತಾರೀಕು ಬರೆದುಕೊಂಡು ಹೋದಳು.

ಅವಳ ಮನೆ ನನ್ನ ಮನೆಯಿಂದ ಎರಡನೆಯದು. ಗೋಡೆಯ ಈಚೆಯಿಂದ ಎಲ್ಲ ಕಾಣುತ್ತಿತ್ತು, ಕಾಣದ್ದು ಕೇಳುತ್ತಿತ್ತು. ಪಡಸಾಲೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತ ಲಿಗೋರ್ ಮಹಾರಾಜನ ಹಾಗೆ ಅಪ್ಪಣೆ ಕೊಡುತ್ತಿದ್ದ, ಇವಳು ಅಂಗಳದಲ್ಲಿ ಸ್ಪ್ಯಾನರ್ ಹಿಡಿದು ಗಾಡಿ ಬಿಚ್ಚುತ್ತಿದ್ದಳು. ಮೊದಲು ಕೈಹಾಕಿದ್ದು ಹಿಂದಿನ ಬ್ರೇಕಿಗೆ. ಅದು ಕೀರ್ ಎನ್ನುತ್ತಿತ್ತು. ಹೊಲಿಗೆ ಮಷಿನ್ ಕೀರ್ ಎಂದರೆ ಏನು ಮಾಡುತ್ತಾರೆ? ಎಣ್ಣೆ ಬಿಡುತ್ತಾರೆ. ಪುಣ್ಯಾತ್ಗಿತ್ತಿ ಚಕ್ರ ಬಿಚ್ಚಿ, ಡ್ರಮ್ಮಿನ ಒಳಮೈಗೆ ಉಜ್ಜಿ ಚಕ್ರ ನಿಲ್ಲಿಸುವ ಎರಡೂ ಬ್ರೇಕ್ ಶೂಗಳಿಗೆ ಮಷಿನ್ ಎಣ್ಣೆ ಹಚ್ಚಿ, ಮತ್ತೆ ಜೋಡಿಸಿ ಓಡಿಸಿ ನೋಡಿದಳು. ಸದ್ದು ನಿಂತಿತು ನಿಜ, ಗಾಡಿ ಮಾತ್ರ ನಿಲ್ಲಲಿಲ್ಲ. ರೊಟ್ಟಿ ಮಾರುವ ಪೊದೇರನ ಬುಟ್ಟಿಗೆ ಸೀದಾ ಹೋಗಿ ಗುದ್ದಿತು. ನಲವತ್ತು ಪಾವ್ ಕೆಸರಿಗೆ ಬಿದ್ದವು. ಆ ಸುದ್ದಿಯನ್ನು ಸ್ಟ್ಯಾಂಡಿಗೆ ಮೊದಲು ಮುಟ್ಟಿಸಿದವನು ನಾನೇ, ಮೂರು ದಿನ ಅದನ್ನೇ ಹೇಳಿ ನಗಿಸಿದೆ.

ಅವಳು ಅವತ್ತು ಅತ್ತಳಂತೆ. ಲಿಗೋರ್ ಹೇಳಿದ್ದು. ಅತ್ತು ಮುಗಿಸಿ, ಎಣ್ಣೆ ಕುಡಿದ ಶೂಗಳನ್ನು ಎಸೆದು ಹೊಸವು ತಂದಳು. ಡ್ರಮ್ಮನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ, ಒಳಮೈಯನ್ನು ಮರಳು ಕಾಗದದಿಂದ ತಿಕ್ಕಿದಳು. ಶೂಗಳನ್ನು ಅಗಲಿಸುವ ಕ್ಯಾಮಿಗೆ ಮಾತ್ರ ಉಗುರಿನ ತುದಿಯಷ್ಟು ಗ್ರೀಸ್, ಉಜ್ಜುವ ಮೈಗೆ ಬೆರಳೂ ಸೋಕಿಸಲಿಲ್ಲ. ಚಕ್ರ ಕೈಯಿಂದ ತಿರುಗಿಸಿದರೆ ಆರಾಮಾಗಿ ತಿರುಗಬೇಕು, ಪೆಡಲು ಎರಡು ಬೆರಳಿನಷ್ಟು ಒತ್ತಿದ ಮೇಲೆ ಹಿಡಿಯಬೇಕು, ಅಲ್ಲಿಗೆ ಬರುವ ತನಕ ನಟ್ಟನ್ನು ತಿರುವಿದಳು. ಆಮೇಲೆ ಮುಂದಿನ ಚಕ್ರಕ್ಕೂ ಅದೇ.

ಕಾರ್ಬುರೇಟರ್ ಬಿಚ್ಚಿದ ದಿನ ನಾನು ನೆಪ ಮಾಡಿಕೊಂಡು ಅವರ ಅಂಗಳಕ್ಕೇ ಹೋದೆ. ನೆಲದ ಮೇಲೆ ಕರಿ ಬಟ್ಟೆ ಹಾಸಿದ್ದಳು. ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಸಾಲಿನಲ್ಲೇ ಇಟ್ಟು, ಬಟ್ಟೆ ಕತ್ತರಿಸುವ ಮುನ್ನ ಎಳೆಯುವ ಹಾಗೆ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದಿದ್ದಳು. ಪೆಟ್ರೋಲ್ ನಿಲ್ಲುವ ತಳದ ಬಟ್ಟಲು, ತೇಲುಬುರುಡೆ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಎರಡು ಹಿತ್ತಾಳೆ ಜೆಟ್ಟು, ಸ್ಕ್ರೂಗಳು. ಜೋಡಿಸುವಾಗ ಕೊನೆಯ ಗೆರೆಯಿಂದ ಹಿಂದಕ್ಕೆ ಬಂದರಾಯಿತು, ಗೆರೆಯೊಳಗೆ ಏನಾದರೂ ಉಳಿದರೆ ಮರೆತಿದ್ದೇನೆ ಎಂದರ್ಥ. ಅಲ್ಲಿಯವರೆಗೆ ಮೂವತ್ತನಾಲ್ಕು ವರ್ಷ ನಾನು ಭಾಗಗಳನ್ನು ಟೋಪಿಯೊಳಗೆ ಹಾಕಿ ಹುಡುಕಾಡಿದವನು. ನೋಡಿ ಹೊಟ್ಟೆ ಉರಿಯಿತು. ಗಾಳಿಯ ಸ್ಕ್ರೂವನ್ನು ಬಿಚ್ಚುವ ಮುನ್ನ ಮೆಲ್ಲಗೆ ಒಳಕ್ಕೆ ತಿರುವಿ, ಎಷ್ಟು ಸುತ್ತಿಗೆ ಕೂರುತ್ತದೆಂದು ಎಣಿಸಿ, ಸೊಂಟದ ಅಳತೆ ಬರೆಯುವ ಪುಸ್ತಕದಲ್ಲಿ ಒಂದೂವರೆ ಎಂದು ಬರೆದಿಟ್ಟಿದ್ದಳು. ಅಲ್ಲೂ ಒಂದು ತಪ್ಪು ಆಗದೇ ಇರಲಿಲ್ಲ. ಕಸ ಕಟ್ಟಿದ ಸಣ್ಣ ಜೆಟ್ಟಿಗೆ ಹೊಲಿಗೆ ಸೂಜಿ ತೂರಿಸಿ ತೂತು ದೊಡ್ಡದು ಮಾಡಿದಳು, ಗಾಡಿ ಕರಿ ಹೊಗೆ ಉಗುಳಿತು. ಹೊಸ ಜೆಟ್ಟು ತಂದಳು. ಆ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿತು: ಸೂಜಿ ಬೇಡ, ಪೆಟ್ರೋಲಿನಲ್ಲಿ ನೆನೆಸಿ ಸೈಕಲ್ ಪಂಪಿನಿಂದ ಗಾಳಿ ಹೊಡೆ.

ಪರೀಕ್ಷೆಯ ಭಾನುವಾರ ಬಂತು. ಮಾರನೆಯ ದಿನಕ್ಕೆ ಮೂರು ತಿಂಗಳು ಮುಗಿಯುತ್ತಿತ್ತು, ಇದೊಂದೇ ಸಲ. ದ್ವೀಪದಿಂದ ನಾನೂ ಅವಳೂ ಒಂದೇ ಫೆರಿ ಹತ್ತಿದೆವು. ಅವಳು ಗಾಡಿಯನ್ನು ಪಕ್ಕದ ಸ್ಟ್ಯಾಂಡಿನ ಮೇಲೆ ಒರಗಿಸಿ ಕಟಕಟೆಯ ಹತ್ತಿರ ಹೋಗಿ ನಿಂತು, ಕಣ್ಣು ಮುಚ್ಚಿ ಜಪಮಾಲೆ ತಿರುಗಿಸತೊಡಗಿದಳು. ಫೆರಿಯಲ್ಲಿ ನಮ್ಮ ಒಂದು ಪದ್ಧತಿ ಇದೆ. ಗಾಡಿ ಓರೆಯಾಗಿ ನಿಂತು ದೋಣಿಯ ಜೊತೆ ಓಲಾಡಿದರೆ ಕಾರ್ಬುರೇಟರಿನಿಂದ ಪೆಟ್ರೋಲ್ ತುಳುಕುತ್ತದೆ, ಅಲ್ಲೇ ಯಾರೋ ಬೀಡಿ ಹಚ್ಚುತ್ತಾರೆ. ಅದಕ್ಕೇ ಹತ್ತಿದ ಕೂಡಲೇ ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿಯನ್ನು, ನಾವು ಕಾಕ್ ಎನ್ನುವುದನ್ನು, ಮುಚ್ಚುತ್ತೇವೆ. ಪಕ್ಕದವನು ಮರೆತಿದ್ದರೆ ಅವನದನ್ನೂ ಮುಚ್ಚಿ, ಇಳಿಯುವಾಗ ಹೇಳುತ್ತೇವೆ. ನನ್ನದನ್ನು ಮುಚ್ಚಿದ ಕೈ ಅವಳದನ್ನೂ ಮುಚ್ಚಿತು. ದೇವರಾಣೆ, ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇಳಿಯುವಾಗ ಜನರ ನೂಕುನುಗ್ಗಲು, ಹೇಳುವುದು ಮರೆತೆ.

ಕಾರ್ಬುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲಿಗೆ ಗಾಡಿ ದಿಬ್ಬ ಹತ್ತಿತು. ಇಗರ್ಜಿಯ ಮುಂದೆ, ಹತ್ತೂ ಜನ ಸಾಲಾಗಿ ನಿಂತು ನೋಡುತ್ತಿರುವಾಗ, ಎರಡು ಸಲ ಕೆಮ್ಮಿ ಸತ್ತಿತು.

ಪೈಲಟ್‌ಗಳ ಗುಂಪಿನಲ್ಲಿ ಗಾಡಿ ಕೆಟ್ಟರೆ ಕೇಳಬೇಕೆ? ಒಬ್ಬ ಜೆಟ್ಟು ಕಟ್ಟಿದೆ ಎಂದ. ಒಬ್ಬ ತೇಲುಬುರುಡೆ ತಲೆಕೆಳಗು ಹಾಕಿದ್ದಾಳೆ ಎಂದ. ಪ್ಲಗ್ಗು ಹೋಗಿದೆ ಎಂದ ಇನ್ನೊಬ್ಬ. ಹೊಲಿಗೆಯವಳು ಕಾರ್ಬುರೇಟರಿಗೂ ಹೆಮ್ಮಿಂಗ್ ಹಾಕಿರಬೇಕು ಎಂದು ರುಜಾರ್ ಹಂಗಿಸಿದ, ಎಲ್ಲರೂ ನಕ್ಕರು. ನನಗೆ ಆ ಕ್ಷಣ ಕಾಕ್ ನೆನಪಾಯಿತು. ಹೇಳಬೇಕೆಂದು ಬಾಯಿ ತೆರೆದೆ. ರುಜಾರ್ ಕೈಯಲ್ಲಿ ಹೊಸ ಹೆಲ್ಮೆಟ್ ಹಿಡಿದು ನನ್ನತ್ತ ನೋಡಿ ಕಣ್ಣು ಮಿಟುಕಿಸಿದ. ನಾನು ಬಾಯಿ ಮುಚ್ಚಿದೆ. ಇದೇ ನಾನು ಹೇಳಿದ ಹಲ್ಕಾ ಕೆಲಸ. ಮುಚ್ಚಿದ್ದಷ್ಟೇ ಅಲ್ಲ, ಗಡಿಯಾರ ನೋಡಿ ಹೀಗೂ ಅಂದೆ: "ಕಾಲು ಗಂಟೆ ಕೊಡ್ತೀನಿ ಬಾಯ್. ಆಗ್ಲಿಲ್ಲ ಅಂದ್ರೆ ಜಾಗ ಬಿಟ್ಟುಬಿಡು."

ಅವಳು ಯಾರ ಮಾತಿಗೂ ಕಿವಿಗೊಡಲಿಲ್ಲ. ಚೀಲದಿಂದ ಅಳತೆ ಪುಸ್ತಕ ತೆಗೆದು, ಗಾಡಿ ನಿಂತರೆ ಮೊದಲು ಏನು ನೋಡಬೇಕೆಂದು ಬರೆದಿಟ್ಟ ಹಾಳೆ ಓದಿದಳು. ಕಾರ್ಬುರೇಟರ್ ಬಿಚ್ಚು ಬಿಚ್ಚು ಎಂದು ಎಲ್ಲರೂ ಕೂಗುತ್ತಿದ್ದರೆ ಅವಳು ಅದನ್ನು ಬಿಚ್ಚಲೇ ಇಲ್ಲ. ಬಟ್ಟಲಿನ ತಳದ ಸಣ್ಣ ಸ್ಕ್ರೂ ಒಂದನ್ನು ಸಡಿಲಿಸಿ ಕೆಳಗೆ ಅಂಗೈ ಹಿಡಿದಳು. ಒಂದು ಹನಿಯೂ ಬೀಳಲಿಲ್ಲ. ಬಟ್ಟಲು ಖಾಲಿ. ಹಾಗಾದರೆ ತಪ್ಪು ಒಳಗಿಲ್ಲ, ಪೆಟ್ರೋಲೇ ಬರುತ್ತಿಲ್ಲ. ಸ್ಕ್ರೂ ಬಿಗಿದು ಪೈಪು ಎಳೆದಳು, ಅದೂ ಒಣಗಿತ್ತು. ಪೈಪು ಸಿಕ್ಕಿಸಿ ಬೆರಳನ್ನು ಅದರ ಜೊತೆಯಲ್ಲೇ ಮೇಲಕ್ಕೆ ಒಯ್ದಳು, ಕಾಕ್ ತನಕ. ಅಲ್ಲಿ ಬೆರಳು ನಿಂತಿತು. ಅವಳು ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಕಾಕ್ ತಿರುಗಿಸಿ, ಬಟ್ಟಲು ತುಂಬುವಷ್ಟು ಹೊತ್ತು ಕಾದು, ಒಂದೇ ಕಿಕ್ ಹೊಡೆದಳು. ಗಾಡಿ ಹೊಸ ಮಷಿನ್ ಹಾಗೆ ಸಣ್ಣಗೆ, ಒಂದೇ ಸಮನೆ ಓಡಿತು. ನೂರೈವತ್ತು ವರ್ಷದ ಅನುಭವವನ್ನೆಲ್ಲ ಸೇರಿಸಿಕೊಂಡು ಬಗ್ಗಿ ನಿಂತಿದ್ದ ಗಂಡಸರು ಒಬ್ಬೊಬ್ಬರಾಗಿ ನೆಟ್ಟಗಾದರು.

"ಹತ್ತಿ ಬಾಬ್," ಎಂದಳು.

ಹತ್ತಿ ಕೂತೆ. ಇಳಿಜಾರು ಹಸಿಯಾಗಿತ್ತು. ಅರ್ಧ ದಾರಿಯಲ್ಲಿ ನಾನು ಬೇಕೆಂದೇ ಒಂದು ಪಕ್ಕಕ್ಕೆ ವಾಲಿದೆ, ಅದೂ ಪರೀಕ್ಷೆಯ ಭಾಗವೇ, ಕುಡಿದ ಗಿರಾಕಿಗಳು ಹಾಗೇ ವಾಲುತ್ತಾರೆ. ಗಾಡಿ ಅಲುಗಲಿಲ್ಲ. ನದಿ ಹತ್ತಿರ ಬಂತು. ನನ್ನ ಕಾಲು ತಾನಾಗಿ ಇಲ್ಲದ ಪೆಡಲನ್ನು ಒತ್ತಿತು. ಅವಳು ಹಿಂದಿನದನ್ನು ಮೊದಲು, ಮುಂದಿನದನ್ನು ಮೆಲ್ಲಗೆ ಹಿಡಿದಳು. ಕೀರ್ ಎನ್ನಲಿಲ್ಲ, ಜಾರಲಿಲ್ಲ, ಮುಂದಿನ ಚಕ್ರ ಬಿಳಿ ಗೆರೆಯ ಮೇಲೆ ನಿಂತಿತು. ನಾನು ಇಳಿದು ನೋಡಿದೆ, ಗೆರೆ ಟಯರಿನ ನಟ್ಟನಡುವೆ ಇತ್ತು.

ಅವಳು ಎಂಜಿನ್ ಆರಿಸಿದಳು. ಅಲ್ಲಿ ನಾವಿಬ್ಬರೇ.

"ಫೆರೀಲಿ ನನ್ನ ಗಾಡಿ ಪಕ್ಕ ನಿಂತಿದ್ದೋರು ನೀವೊಬ್ರೇ, ಬಾಬ್," ಎಂದಳು. "ಕಾಕ್ ಮುಚ್ಚಿದ್ದಕ್ಕೆ ನಾನೇನೂ ಅನ್ನಲ್ಲ. ಅದು ಕೈಯ ಅಭ್ಯಾಸ, ನಮ್ಮ ಲಿಗೋರೂ ಹಾಗೇ. ಆದ್ರೆ ಮೇಲೆ ಅವ್ರೆಲ್ಲ ನಗ್ತಿದ್ದಾಗ ಸುಮ್ನೆ ನಿಂತ್ರಲ್ಲ, ಅದು ಅಭ್ಯಾಸ ಅಲ್ಲ."

ಜಗಳ ಮಾಡಿದ್ದರೆ ನಾನೂ ನಾಲ್ಕು ಮಾತು ಅಂದುಬಿಡುತ್ತಿದ್ದೆ. ನನ್ನ ತಾಯಿಯ ಮುಂದೆ ಬಿಟ್ಟರೆ ಯಾರ ಮುಂದೆಯೂ ಅಷ್ಟು ನಾಚಿಕೆ ಆಗಿರಲಿಲ್ಲ.

ಮೇಲೆ ಬಂದ ಮೇಲೆ ರುಜಾರ್ ಓಡಿ ಬಂದು, ಗೆರೆ ದಾಟಿತಾ ಭಾವ ಎಂದು ಕೇಳಿದ. ಹತ್ತು ಜನರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಕಾಕ್ ಮುಚ್ಚಿದ್ದು, ನೆನಪಾದ ಮೇಲೂ ಸುಮ್ಮನಿದ್ದದ್ದು, ಕಾಲು ಗಂಟೆಯ ಕಥೆ. ಆಮೇಲೆ ಅಂದೆ: "ಏಳನೇ ಜಾಗ ಪಿಯೆದಾದ್‌ದು. ಯಾರಿಗಾದ್ರೂ ತಕರಾರಿದ್ರೆ ಮೊದಲನೇ ಜಾಗಾನೂ ಅವಳಿಗೇ ಕೊಡಿ, ನಾನು ಬಿಡ್ತೀನಿ." ಯಾರೂ ತಕರಾರು ತೆಗೆಯಲಿಲ್ಲ. ರುಜಾರ್ ಹೆಲ್ಮೆಟ್ ಎತ್ತಿಕೊಂಡು ಹೋದ. ಎಂಟು ದಿನ ನನ್ನ ಹೆಂಡತಿ ನನಗೆ ಮೀನಿಲ್ಲದ ಮೀನು ಸಾರು ಬಡಿಸಿದಳು. ತಿಂದೆ.

ಅದಾಗಿ ನಾಲ್ಕು ವರ್ಷ. ಲಿಗೋರ್ ಈಗ ಕುಂಟುತ್ತ ಓಡಾಡುತ್ತಾನೆ, ಜಾಗ ಮಾತ್ರ ವಾಪಸು ಕೇಳಿಲ್ಲ. ಕೇಳಿದರೂ ಸ್ಟ್ಯಾಂಡಿನವರು ಕೊಡುವುದಿಲ್ಲ. ಹೆಂಗಸರು, ಮುದುಕಿಯರು, ಮೂಗು ಮುರಿಯುವ ಟೀಚರುಗಳು ಪಿಯೆದಾದಳ ಸರದಿ ಬರುವ ತನಕ ಬಿಸಿಲಲ್ಲಿ ಕಾಯುತ್ತಾರೆ. ಯಾರದೇ ಗಾಡಿ ಕೆಮ್ಮಿದರೂ ಈಗ ಮೊದಲು ಬಟ್ಟಲಿನ ಸ್ಕ್ರೂ ಸಡಿಲಿಸಿ ಅಂಗೈ ಹಿಡಿಯುತ್ತಾರೆ. ನನ್ನ ಗಾಡಿಯ ಭಾಗಗಳನ್ನೂ ನಾನು ಟೋಪಿಯಲ್ಲಿ ಹಾಕುವುದಿಲ್ಲ. ಅವಳು ಕೊಟ್ಟ ಕರಿ ಬಟ್ಟೆಯ ತುಂಡು ಇದೆ, ಸೀಮೆಸುಣ್ಣವೂ ಇದೆ. ಹೊಸಬರು ಬಂದರೆ ನಾನು ಎದೆಯುಬ್ಬಿಸಿ ಅವಳನ್ನೇ ತೋರಿಸುತ್ತೇನೆ, ನಮ್ಮ ಸ್ಟ್ಯಾಂಡಿನ ಪಿಯೆದಾದ್ ಎನ್ನುತ್ತೇನೆ.

ಬೆಳಿಗ್ಗೆ ನಾವು ಈಗಲೂ ಒಂದೇ ಫೆರಿಯಲ್ಲಿ ದಾಟುತ್ತೇವೆ. ಅವಳು ಕಟಕಟೆಯ ಹತ್ತಿರ ಹೋಗಿ ಜಪಮಾಲೆ ಹಿಡಿಯುತ್ತಾಳೆ, ಗಾಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅವಳ ಕಾಕ್ ನಾನೇ ಮುಚ್ಚುತ್ತೇನೆ. ಧಕ್ಕೆ ಬಂದಾಗ ನಾನೇ ತೆರೆದು, ನೂಕುನುಗ್ಗಲು ಎಷ್ಟೇ ಇರಲಿ, ತೆರೆದಿದ್ದೇನೆ ಬಾಯ್ ಎಂದು ದೋಣಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ.