ಹಿರಿಯೂರಿನಲ್ಲಿ ನನಗೆ ನಿದ್ದೆ ಬರುವುದಿಲ್ಲ

ಹಿರಿಯೂರಿನ ಒಂದು ಕ್ಲಿನಿಕ್ಕಿನ ಟೋಕನ್ ಪುಸ್ತಕದ ಪ್ರಕಾರ ನಾನು ಮನೋರೋಗಿ.

ಚಿತ್ರದುರ್ಗದಲ್ಲಿ ನಾನು ಚೆನ್ನಾಗಿಯೇ ಇದ್ದೇನೆ. ಹೊಟ್ಟೆ ತುಂಬ ತಿನ್ನುತ್ತೇನೆ, ಹೆಂಡತಿಯಿಂದ ಬೈಸಿಕೊಳ್ಳುತ್ತೇನೆ, ಮಧ್ಯಾಹ್ನ ಗೊರಕೆ ಹೊಡೆಯುತ್ತೇನೆ. ಬಸ್ಸು ಹತ್ತಿ ಹಿರಿಯೂರಿನಲ್ಲಿ ಇಳಿದರೆ ಮಾತ್ರ ನನಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ. ಹೇಗೆ ಅಂತೀರಾ? ಹೇಳುತ್ತೇನೆ. (ನಮ್ಮ ಭಾವನ ಅನುಮತಿ ಪಡೆದೇ ಬರೆಯುತ್ತಿದ್ದೇನೆ.)

ಭಾವ ಎಂದರೆ ನಮ್ಮಕ್ಕನ ಗಂಡ. ಹೊಳಲ್ಕೆರೆ ಹತ್ತಿರದ ತಾಳ್ಯದವರು. ನಾಲ್ಕು ಜನ ಸೇರಿದ ಕಡೆ ಅವರ ನಗುವೇ ಮೊದಲು ಕೇಳಿಸುತ್ತಿತ್ತು. ಕಳೆದ ವರ್ಷ ಇದ್ದಕ್ಕಿದ್ದಂತೆ ಮಾತು ಕಮ್ಮಿಯಾಯಿತು. ಹೊಲದ ಕಡೆ ಹೋಗುವುದು ನಿಂತಿತು. ಮುದ್ದೆ ಮುರಿದು, ಹಾಗೇ ತಟ್ಟೆಯಲ್ಲಿ ಬಿಟ್ಟು ಏಳತೊಡಗಿದರು. ಏನಾಗಿದೆ ಎಂದರೆ "ಏನಿಲ್ಲ."

ನಮ್ಮ ಕಡೆ ದುಃಖಕ್ಕೆ ಕಾರಣ ಕೊಡಲೇಬೇಕು. ಆ ವರ್ಷ ಮಳೆ ಚೆನ್ನಾಗಿತ್ತು. ಬೋರಿನಲ್ಲಿ ನೀರಿತ್ತು. ಮಗಳು ಕಾವ್ಯಳಿಗೆ ಹೊಸದುರ್ಗದಿಂದ ಒಳ್ಳೆಯ ಸಂಬಂಧ ಬಂದಿತ್ತು. ಮತ್ತೆ ಇವರಿಗೇನು ಕಷ್ಟ? ಕಾರಣ ಸಿಗದಿದ್ದರೆ ಒದಗಿಸುವವರಿಗೆ ಬರವೇ? "ಯಾರೋ ಮಾಡ್ಸಿದಾರೆ" ಎಂದರು ಒಬ್ಬರು. ತಾಯತ ಬಂತು. ಮಠದಿಂದ ವಿಭೂತಿ ಬಂತು. ದಾವಣಗೆರೆಗೆ ಕರೆದುಕೊಂಡು ಹೋಗಿ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿದರು. ಹೊಟ್ಟೆ ಚೆನ್ನಾಗಿತ್ತು. ಕನ್ನಡಕ ಬದಲಾಯಿಸಿದರು. ಅಲ್ಲಿಂದ ಮುಂದೆ ಭಾವನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು, ಯಾವುದೂ ಬೇಕೆನಿಸುತ್ತಿರಲಿಲ್ಲ.

ಕೊನೆಗೆ ನಾನೇ ಬಾಯಿಬಿಟ್ಟೆ. "ಭಾವ, ಮನಸ್ಸಿನ ಡಾಕ್ಟ್ರ ಹತ್ರ ಹೋಗಾಣ. ಚಿತ್ರದುರ್ಗದಾಗೆ ನಮ್ಮನೆ ಹತ್ರನೇ ಒಬ್ರು ಅದಾರೆ."

"ದುರ್ಗ ಬ್ಯಾಡಪ್ಪ. ಹೊಸದುರ್ಗದ ಬೀಗರು ವಾರಕ್ಕೆರಡು ಸಲ ದುರ್ಗಕ್ಕೆ ಬರ್ತಾರೆ. ನೋಡಿದ್ರೆ ಕಾವ್ಯನ ಸಂಬಂಧ ಮುರಿದು ಬಿತ್ತು."

"ಹೊಳಲ್ಕೆರೆ?"

"ಅಲ್ಲಿ ನಾಯಿ ಸೈತ ನನ್ನ ಗುರುತು ಹಿಡಿತೈತೆ."

"ಹಿರಿಯೂರು?"

"ಅಲ್ಲಿ ನಮ್ಮೋರು ಯಾರೂ ಇಲ್ಲ. ಹೋಗಾಣ."

ತಾಳ್ಯದಿಂದ ಬಂದ ಭಾವನನ್ನು ದುರ್ಗದಲ್ಲಿ ಹಿರಿಯೂರಿನ ಬಸ್ಸಿಗೆ ಹತ್ತಿಸಿದೆ. ಬಸ್ಸು ಆ ದುರ್ಗದ ಡಾಕ್ಟರ ಬೋರ್ಡಿನ ಮುಂದೆಯೇ ಹಾದುಹೋಯಿತು. ಭಾವ ತಲೆಯ ಮೇಲೆ ಟವೆಲ್ ಹಾಕಿಕೊಂಡು ಬಗ್ಗಿ ಕುಳಿತರು. ಮಾನಸಿಕ ಆರೋಗ್ಯದ ಬಗ್ಗೆ ಜಗತ್ತಿನಲ್ಲಿ ಎಷ್ಟೋ ಸಂಶೋಧನೆ ನಡೆದಿದೆಯಂತೆ. ಹತ್ತಿರದ ಡಾಕ್ಟರನ್ನು ತಪ್ಪಿಸಲು ರೋಗಿ ಎಷ್ಟು ಕಿಲೋಮೀಟರ್ ಓಡುತ್ತಾನೆ ಎಂದು ಯಾರಾದರೂ ಅಳೆದಿದ್ದಾರೆಯೇ?

ಆ ಕ್ಲಿನಿಕ್ಕಿಗೆ ಡಾಕ್ಟರು ಬರುವುದು ಮಂಗಳವಾರ ಮಾತ್ರ. ಬಾಗಿಲು ತಳ್ಳಿದೆವು. ಒಳಗಿನ ಬೆಂಚುಗಳ ಮೇಲೆ ಹೊಳಲ್ಕೆರೆಯ ಅರ್ಧ ಸಂತೆ ಕುಳಿತಿತ್ತು. ಉಳಿದರ್ಧ ಹೊಸದುರ್ಗದವರು. ಎಲ್ಲರೂ ಹಿರಿಯೂರಿನಲ್ಲಿ ತಮ್ಮವರು ಯಾರೂ ಇಲ್ಲ ಎಂದು ಧೈರ್ಯ ಮಾಡಿ ಬಂದವರೇ. ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಗೋಡೆಯ ಕ್ಯಾಲೆಂಡರಿನ ಮೇಲೆ.

"ಹಿರಿಯೂರಿನೋರು ಎಲ್ಲಿ?" ಎಂದು ಅಟೆಂಡರನ್ನು ಕೇಳಿದೆ.

"ಅವ್ರು ಇಲ್ಯಾಕೆ ಬರ್ತಾರೆ ಸಾರ್? ಹೊಸದುರ್ಗಕ್ಕೆ ಹೋಗ್ತಾರೆ."

ಆಗಲೇ ಭಾವ ನನ್ನ ತೋಳು ಹಿಂಡಿದರು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಹೊಸದುರ್ಗದ ಬೀಗರು! ಕಾವ್ಯಳ ಭಾವಿ ಮಾವ, ಹಾರ್ಡ್‌ವೇರ್ ಅಂಗಡಿಯ ಮಲ್ಲಿಕಾರ್ಜುನಪ್ಪನವರು. ಅವರೂ ನಮ್ಮನ್ನು ನೋಡಿಬಿಟ್ಟರು. ಎರಡೂ ಕಡೆಯವರು ಒಂದು ಕ್ಷಣ ಕ್ಯಾಲೆಂಡರ್ ನೋಡಿದರು. ಆದರೆ ಎಷ್ಟು ಹೊತ್ತು ಅಂತ ನೋಡುತ್ತೀರಿ?

"ಬರ್ರಿ ಬರ್ರಿ, ಕುಂತ್ಕಳ್ರಿ" ಎಂದು ಬೀಗರು ಜಾಗ ಬಿಟ್ಟರು. "ನಮ್ಮ ಡ್ರೈವರ್ ಮೈಲಾರಪ್ಪಂಗೆ ಯಾಕೋ ನಿದ್ದೆ ಇಲ್ಲ. ಪಾಪ, ತೋರಿಸ್ಕೊಂಡು ಹೋಗಾಣ ಅಂತ ಬಂದೆ." ಮೈಲಾರಪ್ಪ ಪಕ್ಕದಲ್ಲೇ ಪೇಪರ್ ತುಂಬ ಬೋಂಡ ಇಟ್ಟುಕೊಂಡು ತಿನ್ನುತ್ತಿದ್ದ. ಅಷ್ಟು ನೆಮ್ಮದಿಯ ರೋಗಿಯನ್ನು ನಾನು ನೋಡಿಲ್ಲ.

ಭಾವ ಒಂದು ಉಸಿರೂ ತಡಮಾಡಲಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟರು. "ನಮ್ಮ ಬಾಮೈದಂದೂ ಅದೇ ಕತೆ ನೋಡ್ರಿ. ಏನೇನೋ ಬರೀತಾನೆ. ಮನಸ್ಸಿಗೆ ಹಚ್ಕಂಡಾನೆ."

ಬೀಗರು ನನ್ನನ್ನು ಮರುಕದಿಂದ ನೋಡಿದರು. ಟೋಕನ್ ಪುಸ್ತಕದಲ್ಲಿ ನನ್ನ ಹೆಸರು ಬಿತ್ತು. ಅಟೆಂಡರು ಅದನ್ನು ಊರಿನ ಸಮೇತ, ಹರಾಜು ಕೂಗುವವರಂತೆ ಕೂಗಿದರು.

ಒಳಗೆ ಹೋದಮೇಲಾದರೂ ಭಾವ ನಿಜ ಹೇಳುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಡಾಕ್ಟರು ಒಂದು ಫಾರಂ ಹಿಡಿದು ನನ್ನತ್ತ ತಿರುಗಿದರು. "ಕಳೆದ ಎರಡು ವಾರಗಳಲ್ಲಿ ದೈನಂದಿನ ಚಟುವಟಿಕೆಗಳಲ್ಲಿ ನಿರಾಸಕ್ತಿ ಉಂಟಾಗಿದೆಯೇ?" (ಈ ಕನ್ನಡ ಕೇಳಿದರೆ ಆಸಕ್ತಿ ಇದ್ದವರಿಗೂ ಹೋಗಬೇಕು.) ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಶುರುಮಾಡಿದರು.

"ಇವನಿಗೆ ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗ್ತೈತೆ ಸಾರ್. ಎದೆ ಮ್ಯಾಲೆ ರುಬ್ಬೋ ಗುಂಡು ಇಟ್ಟಂಗೆ. ಅನ್ನ ತಿಂದ್ರೆ ಮಣ್ಣು ತಿಂದಂಗೆ. ಮಗಳ ಮದುವೆ ಅಂತಾರೆ, ಇವನಿಗೆ ಸಂತೋಷನೇ ಆಗಲ್ಲ. ಅದಕ್ಕೇ ಇವನಿಗೆ ನಾಚಿಕೆ."

ಒಂದು ವರ್ಷದಿಂದ ಅಕ್ಕನಿಗೂ ಹೇಳದ್ದನ್ನೆಲ್ಲ ಭಾವ ನನ್ನ ಹೆಸರಿನಲ್ಲಿ ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ಕನ್ನಡಕ ಮಂಜಾಯಿತು. ಡಾಕ್ಟರು ಫಾರಂ ಪಕ್ಕಕ್ಕಿಟ್ಟರು. ಈಗ ಅವರು ನನ್ನತ್ತ ನೋಡುತ್ತಲೇ ಇರಲಿಲ್ಲ. ಭಾವನನ್ನೇ ನೋಡುತ್ತ ಮೆಲ್ಲಗೆ ಕೇಳಿದರು. "ಇವರಿಗೆ ಸಾಯಬೇಕು ಅಂತ ಯಾವಾಗಾದ್ರೂ ಅನ್ನಿಸಿದೆಯಾ?"

ಭಾವ ಕನ್ನಡಕ ತೆಗೆದು ಟವೆಲ್ಲಿನಿಂದ ಒರೆಸಿಕೊಂಡರು.

"ಅನ್ನಿಸೈತೆ ಸಾರ್. ಎರಡು ಸಲ."

ನನಗೆ ಭಯವಾಯಿತು. ತಾಯತ ಕಟ್ಟಿಸಿ, ಕನ್ನಡಕ ಬದಲಾಯಿಸಿ ನಾವು ಒಂದು ವರ್ಷ ಕಳೆದಿದ್ದೆವು. ಆ ಒಂದು ವರ್ಷದಲ್ಲಿ ಈ ಮನುಷ್ಯ ಎರಡು ಸಲ ಹೋಗಿಬಿಡುವವರಿದ್ದರು. ಭಾವನ ಕೈ ಹಿಡಿದುಕೊಂಡೆ. ಪುಸ್ತಕದ ಪ್ರಕಾರ ರೋಗಿ ನಾನು, ಕೈ ಹಿಡಿಯಬೇಕಾದವರು ಅವರು, ಆದರೆ ಆ ಕೋಣೆಯಲ್ಲಿ ಅದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಡಾಕ್ಟರಿಗೆ ಈ ಊರುಗಳ ಅಭ್ಯಾಸವಿತ್ತು. "ಜೊತೆಗೆ ಬಂದವರದೂ ಬಿಪಿ ನೋಡೋಣ" ಎಂದು ಭಾವನನ್ನೇ ಪರೀಕ್ಷಿಸಿದರು. "ಹೊರಗೆ ಯಾರ ಹೆಸರು ಬೇಕಾದರೂ ಕೂಗಲಿ, ಚೀಟಿಯಲ್ಲಿ ನಿಮ್ಮ ಹೆಸರೇ ಬರೀತೀನಿ. ಮಾತ್ರೆ ನುಂಗುವವರು ಮಾತ್ರ ಅದಲು ಬದಲಾಗಬಾರದು" ಎಂದರು. ಆಮೇಲೆ ನನಗೆ, "ಇವರನ್ನು ಸದ್ಯ ಒಬ್ಬರೇ ಇರಲು ಬಿಡಬೇಡಿ. ಮನೆಯವರಿಗೂ ಹೇಳಿ."

ಆ ಸಂಜೆಯೇ ಅಕ್ಕನಿಗೆ ಹೇಳಿದೆ. ಆಮೇಲೆ ತಿಂಗಳಿಗೊಂದು ಮಂಗಳವಾರ ನಮ್ಮ ಯಾತ್ರೆ. ಮೂರನೇ ತಿಂಗಳು ಅಕ್ಕ ಫೋನಿನಲ್ಲಿ ಅತ್ತಳು. "ಮುದ್ದೆ ತಣ್ಣಗಾಗೈತೆ ಅಂತ ನಿಮ್ಮ ಭಾವ ನನ್ನ ಬೈದ್ರು ಕಣೋ!" ಅಷ್ಟು ಸಂತೋಷದ ಬೈಗುಳ ನಮ್ಮ ಮನೆತನದಲ್ಲಿ ಹಿಂದೆ ಯಾರೂ ತಿಂದಿರಲಿಲ್ಲ. ಕಾವ್ಯಳ ಮದುವೆಯೂ ಚೆನ್ನಾಗಿ ಆಯಿತು.

ಕಷ್ಟ ಶುರುವಾಗಿದ್ದು ನನಗೆ. ಎಂ.ಎಸ್ಸಿ. ಮುಗಿಸಿದ ನನ್ನ ಮಗಳನ್ನು ತುರುವನೂರಿನವರು ನೋಡಿಕೊಂಡು ಹೋದರು, ಒಪ್ಪಿದರು, ಆಮೇಲೆ ಸದ್ದಿಲ್ಲ. ಮಧ್ಯಸ್ಥರನ್ನು ಕೇಳಿದರೆ ಗಂಟಲು ಸರಿಮಾಡಿಕೊಂಡರು. "ಹುಡುಗಿ ತಂದೆಗೆ ಹಿರಿಯೂರಾಗೆ ತೋರಿಸ್ತಾರಂತಲ್ಲ ಸಾರ್. ಕಂಡೋರು ಹೇಳಿದ್ರಂತೆ."

ಅಲ್ಲ ಸ್ವಾಮಿ, ಆ ಕಂಡವರು ಅಲ್ಲಿಗೆ ಯಾಕೆ ಹೋಗಿದ್ದರು?

ಒಂದು ಮಾತಿನಲ್ಲಿ ನಾನು ಗುಣಮುಖನಾಗಬಹುದಿತ್ತು. ಆದರೆ ಆ ಮಾತಿಗೆ ಭಾವ ಮತ್ತೆ ಟವೆಲ್ಲಿನೊಳಗೆ ಸೇರಿಕೊಂಡರೆ? ಸುಮ್ಮನಾದೆ. ಅಕ್ಕ ಸುಮ್ಮನಾಗಲಿಲ್ಲ, ಭಾವನಿಗೆ ಹೇಳಿಬಿಟ್ಟಳು.

ಕಳೆದ ಮಂಗಳವಾರ ಭಾವ ನನಗಿಂತ ಮೊದಲೇ ಅಟೆಂಡರ ಮೇಜಿನ ಹತ್ತಿರ ಹೋದರು. "ಪೇಷೆಂಟ್ ನಾನೇ ಕಣಪ್ಪ. ನನ್ನ ಹೆಸರೇ ಬರ್ಕ. ತಾಳ್ಯ ಅಂತಾನೂ ಬರಿ." ತಿರುಗಿ ನನಗೆ ಹೇಳಿದರು, "ನಿನ್ನ ಮಗಳದ್ದೂ ಆಗಬೇಕಲ್ಲಲೇ. ಪೇಪರ್‌ನಾಗೂ ಬರಿ ಹೋಗು."

ಅಟೆಂಡರು ಕೂಗಿದರು. ಇಡೀ ಹಾಲ್ ಕ್ಯಾಲೆಂಡರ್ ಬಿಟ್ಟು ನಮ್ಮತ್ತ ನೋಡಿತು. ಭಾವ ಪಂಚೆ ಸರಿಮಾಡಿಕೊಂಡು ನಿಧಾನವಾಗಿ ಎದ್ದು ಒಳಗೆ ಹೋದರು.

ಮುಂದಿನ ಹೆಸರು ಮೈಲಾರಪ್ಪನದು. ಅವನು ಬೋಂಡ ತರಲು ಹೋಗಿದ್ದ. ಅಟೆಂಡರು ಎರಡು ಸಲ ಕೂಗಿದರು. ಮೂರನೇ ಸಲ ಕೂಗಿದಾಗ ನಮ್ಮ ಬೀಗರು ಎದ್ದು ನಿಂತರು.

ಹಾಗಾಗಿ ತುರುವನೂರಿನವರೇ, ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ಅನುಮಾನವಿದ್ದರೆ ಮಂಗಳವಾರ ಹಿರಿಯೂರಿಗೆ ಬಂದು ವಿಚಾರಿಸಿಕೊಳ್ಳಿ. ಹೇಗೂ ನಿಮ್ಮ ಡ್ರೈವರಿಗೂ ನಿದ್ದೆ ಬರುತ್ತಿಲ್ಲವಲ್ಲ?