ನಾನು ಓಡದ ಕಿಲೋಮೀಟರುಗಳು

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಹುಮನಾಬಾದಿನಲ್ಲಿ ಗಂಡ, ಅತ್ತೆಯ ಜೊತೆ ಇದ್ದಾಳೆ. ನಾನು ಬಸವಕಲ್ಯಾಣದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಒಂದೇ ವರ್ಷ ಇಬ್ಬರಿಗೂ ರಕ್ತದಲ್ಲಿನ ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದೆಯೆಂದು ಡಾಕ್ಟರು ಹೇಳಿದರು. ನಮ್ಮ ಅವ್ವ ಇದೇ ಕಾಯಿಲೆಯಿಂದ ಕಾಲಿನ ಎರಡು ಬೆರಳು ಕಳೆದುಕೊಂಡಿದ್ದಳು. ಆ ಗಾಯಕ್ಕೆ ದಿನವೂ ಪಟ್ಟಿ ಬದಲಿಸಿದವಳು ಅಕ್ಕ.

ಓಡೋಣ ಎಂದು ನಿಶ್ಚಯಿಸಿದೆವು. ನಮ್ಮ ಕಡೆ ನಲವತ್ತು ದಾಟಿದ ಹೆಂಗಸು ರಸ್ತೆಯಲ್ಲಿ ಓಡಿದರೆ ಬೈಕಿನವರು ನಿಂತು, "ಏನಾತ್ರೀ, ಯಾರಿಗೇನಾತು?" ಎಂದು ಕೇಳುತ್ತಾರೆ. ಹಾಗಾಗಿ ಅಕ್ಕ ಮನೆಯಲ್ಲೇ ಟ್ರೆಡ್‌ಮಿಲ್ ಹಾಕಿಸಿದಳು. ನಾನು ಶಾಲೆ ಬಿಟ್ಟ ಮೇಲೆ, ಹೆಂಗಸರ ವೇಳೆಯಲ್ಲಿ ಜಿಮ್ಮಿಗೆ ಹೋಗತೊಡಗಿದೆ.

ಸೆನ್ಸರ್ ತರಿಸಿದವಳೂ ಅಕ್ಕನೇ, ತನಗೊಂದು, ನನಗೊಂದು. ಕೋಟಿನ ಗುಂಡಿಗಿಂತ ತುಸು ದೊಡ್ಡದು. ಬೂಟಿನ ಲೇಸಿಗೆ ಸಿಕ್ಕಿಸಿದರೆ ಹೆಜ್ಜೆ ಅಳೆದು ವೇಗ, ದೂರವನ್ನು ಮೊಬೈಲಿಗೆ ಕಳಿಸುತ್ತದೆ. ಒಬ್ಬರ ಓಟ ಇನ್ನೊಬ್ಬರಿಗೆ ಕಾಣುವಂತೆ ಅಕ್ಕ ಆ್ಯಪಿನಲ್ಲಿ ಜೋಡಿಸಿದಳು. "ನೀ ಓಡಿದ್ದು ನನಗ ಕಾಣ್ತದ, ನಾ ಓಡಿದ್ದು ನಿನಗ. ಆಲಸ್ಯ ಮಾಡಿದ್ರ ಫೋನ್ ಹಚ್ಚಿ ಬೈತೀನಿ ನೋಡು."

ಬೈಯುವ ಪ್ರಸಂಗವೇ ಬರಲಿಲ್ಲ. ಕೆಲವು ತಿಂಗಳಲ್ಲಿ ನನ್ನ ಮೊಬೈಲು ಅರ್ಧ ತಾಸಿಗೆ ಐದು ಕಿಲೋಮೀಟರ್ ತೋರಿಸತೊಡಗಿತು. ಅಕ್ಕ ಅಂದೇ ಫೋನ್ ಮಾಡಿದಳು: "ಐದಾ! ಹ್ಯಾಂಗ್ ಓಡಾಕತ್ತೀಯವಾ ನೀ? ನನಗ ನಾಕ ದಾಟಲಿಕ್ಕೆ ಜೀವ ಹೋಗಾಕತ್ತದ."

ಚಿಕ್ಕಂದಿನಿಂದ ಓದಿನಲ್ಲಿ, ಹಾಡಿನಲ್ಲಿ, ರೊಟ್ಟಿ ಬಡಿಯುವುದರಲ್ಲಿ ಅಕ್ಕನೇ ಮುಂದು. ಅವಳು ನನ್ನನ್ನು ಕಂಡು ಬೆರಗಾದದ್ದು ಅದೇ ಮೊದಲು. ಆ ದಿನ ನಾನು ಅನ್ನಕ್ಕೆ ತೊಳೆದಿಟ್ಟ ಅಕ್ಕಿಯನ್ನು ಮರೆತು ಮತ್ತೊಮ್ಮೆ ತೊಳೆದೆ, ಅಷ್ಟು ಖುಷಿಯಲ್ಲಿದ್ದೆ.

ಒಂದು ವಾರದ ನಂತರ ಜಿಮ್ಮಿನಲ್ಲಿ ಕಲಿಸುವ ಹುಡುಗಿ ನನ್ನ ಮೊಬೈಲಿನತ್ತ ಬಗ್ಗಿ ನೋಡಿದಳು. "ಟೀಚರ್, ಇದರಾಗ ಐದು ಅದ, ಮಷೀನಿನಾಗ ನಾಕ ಅದ. ಯಾವುದೋ ಒಂದು ತಪ್ಪದ್ರಿ." ಅವಳು ಟೇಪಿನಿಂದ ಟ್ರೆಡ್‌ಮಿಲ್ಲಿನ ಪಟ್ಟಿಯ ಉದ್ದ ಅಳೆದಳು. ಪಟ್ಟಿಯ ಅಂಚಿಗೆ ಚಾಕ್‌ಪೀಸಿನಿಂದ ಗೆರೆ ಎಳೆದು, ನಾನು ನಿಧಾನ ಓಡುತ್ತಿರುವಾಗ ಆ ಗೆರೆ ನೂರು ಸಲ ಸುತ್ತಿ ಬರುವುದನ್ನು ಎಣಿಸಿದಳು. ಗುಣಿಸಿ ನೋಡಿದೆವು. ಮಷೀನು ಸರಿಯಿತ್ತು. ನಾಲ್ಕಿದ್ದದ್ದನ್ನು ಐದು ಎನ್ನುತ್ತಿದ್ದದ್ದು ಸೆನ್ಸರ್.

ಆ್ಯಪಿನಲ್ಲಿ ಇದನ್ನು ತಿದ್ದಲು ಒಂದು ಜಾಗವಿದೆ; ಅಲ್ಲಿ ಬರೆದ ಸಂಖ್ಯೆಯಿಂದ ದೂರವನ್ನು ಗುಣಿಸಿ ತೋರಿಸುತ್ತದೆ. ಒಂದು ಎಂದಿದ್ದಲ್ಲಿ ಸೊನ್ನೆ ಪಾಯಿಂಟ್ ಎಂಟು ಎಂದು ಬರೆದೆ. ಮರುದಿನದ ಓಟ ನಾಲ್ಕಕ್ಕೆ ಸ್ವಲ್ಪ ಕಡಿಮೆ ಬಂತು. ಮನೆ ಮುಟ್ಟುವುದರೊಳಗೆ ಅಕ್ಕನ ಫೋನ್.

"ಯಾಕ, ಮೈಯಾಗ ಹುಷಾರಿಲ್ಲೇನು?"

"ಸ್ವಲ್ಪ ಜ್ವರ ಬಂದಂಗಿತ್ತು," ಎಂದೆ.

ಫೋನ್ ಇಟ್ಟು, ಸೊನ್ನೆ ಪಾಯಿಂಟ್ ಎಂಟನ್ನು ಅಳಿಸಿ ಮತ್ತೆ ಒಂದು ಎಂದು ಬರೆದೆ. ಇದನ್ನು ಮರೆವು ಎನ್ನಲಾರೆ. ಉತ್ತರ ನೋಡಿ ಬರೆದ ಮಕ್ಕಳ ಅಂಕ ಕಳೆಯುವವಳು ನಾನು.

ಹಾಗೇ ಎರಡು ತಿಂಗಳು ನಡೆಯಿತು. ಅಕ್ಕ ಒಂದು ದಿನ ಶಾಲೆಯ ಹೊತ್ತಿನಲ್ಲೇ ಫೋನ್ ಮಾಡಿ, "ಮುಂಜಾನಿ, ಸಂಜಿ ಎರಡೂ ಹೊತ್ತು ಓಡಾಕತ್ತೀನಿ. ನಿನ್ನ ಹಿಡೀತೀನಿ ನೋಡು. ಮೊಣಕಾಲ ಕೆಳಗ ಒಂದೀಟು ನೋವದ, ಹೋಗ್ತದ ಬಿಡು," ಎಂದಳು. ಆಗಲೇ ಹೇಳಬಹುದಿತ್ತು. ಗಂಟೆ ಹೊಡೆಯಿತು. "ಎಣ್ಣಿ ಹಚ್ಚಿ ತಿಕ್ಕೋ," ಎಂದು ಹೇಳಿ ತರಗತಿಗೆ ಹೋದೆ.

ಹದಿನೈದು ದಿನದ ಮೇಲೆ ಭಾವ ಫೋನ್ ಮಾಡಿದರು. "ನಿಮ್ಮಕ್ಕನ ಕಾಲಿನ ಎಲುಬು ಸೀಳ್ಯದಂತವಾ. ಬಿದ್ದಿಲ್ಲ, ಏನಿಲ್ಲ. ಓಡಿ ಓಡಿನ ಹಿಂಗಾಗ್ಯದ ಅಂದ್ರು ಡಾಕ್ಟರು."

ಭಾನುವಾರ ಹೆದ್ದಾರಿಯ ಸಸ್ತಾಪುರ ಬಂಗ್ಲಾ ಸ್ಟಾಪಿನಲ್ಲಿ ಬಸ್ಸು ಹಿಡಿದು ಹುಮನಾಬಾದಿಗೆ ಹೋದೆ. ಭಾವ ಘಾಟಬೋರಾಳದ ಹೊಲಕ್ಕೆ ಹೋಗಿದ್ದರು. ಅಕ್ಕ ಮಂಚದ ಮೇಲೆ, ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅವಳ ಅತ್ತೆ ನನ್ನನ್ನು ಕಂಡೊಡನೆ, "ಬಾ ಯವ್ವಾ. ನಿನ್ನ ಹೆಸರ ಹೇಳಿಕೋತ ಓಡ್ತಿದ್ಲು ನೋಡು ಈಕಿ. ತಂಗಿ ಐದಕ್ಕ ಹೋಗ್ಯಾಳ, ನಾ ಇನ್ನಾ ನಾಕದಾಗ ಅದೀನಿ ಅಂತ," ಎಂದರು. ನಗುತ್ತಲೇ ಹೇಳಿ, ಚಹಾ ಮಾಡಲು ಒಳಗೆ ಹೋದರು.

"ಅಕ್ಕಾ, ನಾ ಐದು ಓಡಿಲ್ಲ," ಎಂದೆ. "ನಾಕ ಓಡೀನಿ. ಸೆನ್ಸರ್ ತಪ್ಪಿತ್ತು."

"ಮಷೀನ್ ತಪ್ಪಾದ್ರ ನೀ ಏನ್ ಮಾಡ್ತಿ? ಇರ್ಲಿ ಬಿಡು."

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಪಾರಾಗುತ್ತಿದ್ದೆ. "ತಪ್ಪದ ಅಂತ ನನಗ ಗೊತ್ತಿತ್ತು. ಸರಿ ಮಾಡಿ, ಮತ್ತ ನಾನ ಕೆಡಿಸೀನಿ."

ಅಕ್ಕ ಪ್ಲಾಸ್ಟರಿನ ಮೇಲೆ ಕೈಯಿಟ್ಟಳು. "ನಾ ಕಾಲ ನೋಯ್ತದ ಅಂದಾಗ ಗೊತ್ತಿತ್ತೇನು?"

"ಗೊತ್ತಿತ್ತು."

ಅವಳು ಕೂಗಲಿಲ್ಲ. "ಎಲುಬು ಕೂಡ್ತದ, ಅದಲ್ಲ. ಎರಡು ತಿಂಗಳು ನನ್ನ ಮೈಗೆ ನಾನ ಬೈಕೋತ ಓಡೀನಿ. ಇದು ಅವ್ವನ ಮೈ, ಇದು ಹಿಂಗ ಹೋಗೂದು, ಇದರ ಕೈಲಿ ಏನೂ ಆಗಂಗಿಲ್ಲ ಅಂತ. ಅದಕ್ಕೇನ್ ಮಾಡ್ತಿ ಈಗ?"

ಅತ್ತೆ ಚಹಾ ತಂದರು. ಅಕ್ಕ ನನ್ನ ಕಡೆ ಕಪ್ಪು ಸರಿಸಿ, ಪರೀಕ್ಷೆ ಯಾವಾಗ, ಮಕ್ಕಳು ಹೇಗೆ ಓದುತ್ತಿದ್ದಾರೆ ಎಂದು ಕೇಳಿದಳು. ಅತ್ತೆಯ ಮುಂದೆ ನನ್ನ ಮಾನ ಕಾಯುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಚಹಾವನ್ನು ಮಾತ್ರ ಕುಡಿದು ಮುಗಿಸಲಾಗಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಆ ಎರಡು ತಿಂಗಳ ಓಟಗಳನ್ನು ಒಂದೊಂದಾಗಿ ಅಳಿಸಿದೆ. ಊರು ಬಂದರೂ ಮುಗಿದಿರಲಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಅಕ್ಕ ಆ್ಯಪನ್ನು ಮೊಬೈಲಿನಿಂದ ತೆಗೆದಳು. ನನ್ನೊಡನೆ ಮಾತು ಬಿಡಲಿಲ್ಲ, ಈಗಲೂ ಭಾನುವಾರ ಫೋನ್ ಮಾಡುತ್ತಾಳೆ. ನಾನು ಓಡುತ್ತೇನೆ, ಆದರೆ ಅದರ ಸುದ್ದಿ ಎತ್ತುವುದಿಲ್ಲ. ಮೊನ್ನೆ ಮಾತ್ರ ತಡೆಯಲಾರದೆ, "ಮತ್ತ ಓಡಾಕತ್ತೀಯೇನು?" ಎಂದು ಕೇಳಿದೆ.

"ನಡ್ಯಾಕತ್ತೀನಿ," ಎಂದಳು. "ಎಷ್ಟಂತ ಕೇಳಬ್ಯಾಡ."