ಪುಟ್ಟಮಲ್ಲಪ್ಪ ಕಟ್ಟಿದ ಚೆಂಡು

ರೇಷ್ಮೆ ವ್ಯಾಪಾರದ ಮನೆಯ ಪುಟ್ಟಮಲ್ಲಪ್ಪ ಕೊಳ್ಳೇಗಾಲದ ಫುಟ್‌ಬಾಲ್ ತಂಡದ ನಾಯಕನಾಗಿದ್ದ. ೧೯೫೧ರಲ್ಲಿ ಯಳಂದೂರಿನವರು ಬೂಟು ಹಾಕಿ ಆಡಿದರು, ಇವರದು ಬರಿಗಾಲು. ಗೋಲಿನ ಎದುರೇ ನಿಂತು ಅವನು ಒದ್ದ ಚೆಂಡೆಲ್ಲ ಆಕಾಶಕ್ಕೆ ಹಾರಿತು. ತಂಡ ಸೋತಿತು.

ಮರುವರ್ಷ ಅವನನ್ನು ಬಿಟ್ಟು, ಹಿಂದಿನ ಸಾಲಿನಲ್ಲಿ ಆಡುತ್ತಿದ್ದ ಕಾಮಗೆರೆಯ ಬಿಳಿಗಿರಿಯನ್ನು ನಾಯಕನನ್ನಾಗಿ ಮಾಡಿದರು. ಅವನೇನು ಮಹಾ ಆಟಗಾರ! ಊರ ಬಾಯಲ್ಲೆಲ್ಲ ಬಿಳಿಗಿರಿ, ಬಿಳಿಗಿರಿ. ಪುಟ್ಟಮಲ್ಲಪ್ಪನ ಹೊಟ್ಟೆ ಉರಿಯಿತು.

ಆದರೂ ಚೆಂಡಿಗೆ ಗಾಳಿ ತುಂಬಿ, ಒಳಗಿನ ರಬ್ಬರ್ ಚೀಲ, ಬ್ಲಾಡರಿನ ಬಾಯಿಗೆ ರೇಷ್ಮೆ ದಾರ ಬಿಗಿಯುವ ಕೆಲಸ ಅವನಿಗೇ ಉಳಿದಿತ್ತು. ಈ ಸಲ ಬೇಕೆಂದೇ ಸಡಿಲವಾಗಿ ಕಟ್ಟಿದ. ಚೆಂಡು ಮೆತ್ತಗಾಗಲಿ, ಬಿಳಿಗಿರಿಯ ಮಾನ ಹೋಗಲಿ.

ಚೆಂಡು ಮೆತ್ತಗಾಯಿತು. ಬಿಳಿಗಿರಿ ಮೂರು ಗೋಲು ಹೊಡೆದ. ಆಟ ಮುಗಿದೊಡನೆ ಕೊರಳಿನ ಹಾರದೊಂದಿಗೇ ಓಡಿಬಂದು ಪುಟ್ಟಮಲ್ಲಪ್ಪನ ಕೈ ಹಿಡಿದುಕೊಂಡ.

"ಅಣ್ಣೋ, ಓದೊರ್ಸ ಬಾಲು ಕಲ್ಲಿದ್ದಂಗಿತ್ತು, ಬರಿಗಾಲ್ಗೆ ಸಿಕ್ತಾನೇ ಇರ್ನಿಲ್ಲ. ಈ ಸಲ ಮೆತ್ತಗೆ ಕಾಲ್ಗೇ ಅಂಟ್ಕತು. ಗೆದ್ದಿದ್ದು ನಿನ್ನಿಂದ್ಲೇ ಕಣಣ್ಣ!"

ಹೋದ ವರ್ಷ ಹಲ್ಲು ಕಚ್ಚಿ, ಚೆಂಡನ್ನು ಕಲ್ಲಿನಂತೆ ಬಿಗಿದು ಕಟ್ಟಿದ್ದವನೂ ತಾನೇ ಎಂಬುದು ಪುಟ್ಟಮಲ್ಲಪ್ಪನಿಗೆ ಆಗ ಹೊಳೆಯಿತು.